ಎಂಟು ಬಳ್ಳಿಗಳ ಬೂದಿ

ಸಿರಸಿಗೆ ಬಂದ ಮೊದಲ ವರ್ಷ ನಾನು ವಾರಕ್ಕೆ ಅರ್ಧ ಚೀಲ ಜೋಳ ಬೇಯಿಸುತ್ತಿದ್ದೆ, ಒಂದು ರೊಟ್ಟಿಯನ್ನೂ ತಟ್ಟುತ್ತಿರಲಿಲ್ಲ. ಜೋಳವೆಲ್ಲ ಬೂಷ್ಟಿಗೆ. ನಾನು ಹಾವೇರಿ ಕಡೆಯವಳು, ಎರೆಮಣ್ಣಿನಲ್ಲಿ ಹುಟ್ಟಿ ಜೋಳ ತಿಂದು ಬೆಳೆದವಳು. ನಮ್ಮೂರ ಜೋಳವನ್ನು ಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬೂಷ್ಟಿಗೆ ಉಣಿಸುವ ಕೆಲಸ ಹಣೆಯಲ್ಲಿ ಬರೆದಿದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಅವ್ವ ಇದ್ದಿದ್ದರೆ ಅನ್ನದ ಋಣ ಎಲ್ಲೆಲ್ಲಿಗೋ ಎಳೆಯುತ್ತದೆ ಎನ್ನುತ್ತಿದ್ದಳು. ಅವ್ವ ಹೋಗಿದ್ದಳು. ಅಪ್ಪನೂ ಹೋಗಿದ್ದ. ತಮ್ಮನಿಗೆ ಅವನದೇ ಸಂಸಾರ ಶುರುವಾಗಿತ್ತು. ನನಗೆ ಬಂದ ಎರಡು ಸಂಬಂಧಗಳು ಬಂದ ದಾರಿಯಲ್ಲೇ ಹೋದ ಮೇಲೆ, ಪತ್ರಿಕೆಯಲ್ಲಿ ಕಂಡ ಈ ಕೆಲಸಕ್ಕೆ ಅರ್ಜಿ ಹಾಕಿ ಟ್ರಂಕು ಹಿಡಿದು ಬಂದುಬಿಟ್ಟಿದ್ದೆ.

ತೊಂಬತ್ತರ ದಶಕದ ನಡುಭಾಗ ಅದು. ಬೆಳೆಗಾರರದೊಂದು ಸಂಘ ತನ್ನ ಗೋದಾಮಿನ ಹಿಂದಿನ ಎರಡು ಕೋಣೆಗಳಿಗೆ ಪ್ರಯೋಗಾಲಯ ಎಂದು ಬೋರ್ಡು ಬರೆಸಿತ್ತು. ಒಂದರಲ್ಲಿ ಆಳೆತ್ತರದ ಪ್ರೆಶರ್ ಕುಕ್ಕರು, ಸ್ಪಿರಿಟ್ ದೀಪ, ಸಾಲಾಗಿ ಜೋಡಿಸಿಟ್ಟ ಚೀಲಗಳು. ಇನ್ನೊಂದರಲ್ಲಿ ಒಂದು ಮೇಜು, ಮಣ್ಣಿನ ಹುಳಿ ಅಳೆಯುವ ಯಂತ್ರ, ಮತ್ತು ನಾನು. ಮೇಲಿನವರು ತಿಂಗಳಿಗೊಮ್ಮೆ ಬಂದು ಕುಕ್ಕರನ್ನು ತಟ್ಟಿ ನೋಡಿ ಹೋಗುತ್ತಿದ್ದರು.

ನಾನು ಬೆಳೆಸುತ್ತಿದ್ದ ಬೂಷ್ಟಿನ ಹೆಸರು ಟ್ರೈಕೋಡರ್ಮಾ. ಬೆಂದ ಜೋಳದ ಮೇಲೆ ಮೊದಲು ಬಿಳಿ ನೂಲಿನ ಹಾಗೆ ಹರಡಿ, ವಾರದೊಳಗೆ ಹಸಿರು ಪುಡಿಯಾಗುತ್ತಿತ್ತು. ಚೀಲ ಬಿಚ್ಚಿದರೆ ಹಸಿ ಕೊಬ್ಬರಿಯ ವಾಸನೆ. ಇದು ಒಳ್ಳೆಯ ಬೂಷ್ಟು. ಕೆಟ್ಟದ್ದು ಇನ್ನೊಂದಿದೆ, ಅದು ಮಳೆಗಾಲದಲ್ಲಿ ಮಣ್ಣಿನೊಳಗೆ ಎದ್ದು ಕಾಳುಮೆಣಸಿನ ಬೇರನ್ನು ಕೊಳೆಸುತ್ತದೆ. ಬೇರು ಕಪ್ಪಾಗಿ ಮೆತ್ತಗಾಗುವುದು ಯಾರಿಗೂ ಕಾಣುವುದಿಲ್ಲ. ಎಲೆ ಹಳದಿಯಾಗಿ ಉದುರಿದಾಗ ಕಾಣುತ್ತದೆ, ಅಷ್ಟು ಹೊತ್ತಿಗೆ ಎಷ್ಟೋ ಸಲ ಬಳ್ಳಿಯ ಕಥೆ ಮುಗಿದಿರುತ್ತದೆ. ಸೊರಗು ರೋಗ ಎನ್ನುತ್ತಾರೆ. ನನ್ನ ಹಸಿರು ಬೂಷ್ಟನ್ನು ಮೊದಲೇ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಕೊಟ್ಟಿದ್ದರೆ ಅದು ಆ ಕೆಟ್ಟ ಬೂಷ್ಟನ್ನು ಸುತ್ತಿ ತಿಂದುಹಾಕುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಕೆಲಸ.

ಆದರೆ ಈ ಒಳ್ಳೆಯ ಬೂಷ್ಟಿಗೂ ಒಂದು ನಖರಾ ಇದೆ. ಅದಕ್ಕೆ ಮಣ್ಣು ಸ್ವಲ್ಪ ಹುಳಿ ಇರಬೇಕು. ಯಂತ್ರದ ಲೆಕ್ಕದಲ್ಲಿ ಏಳು ಎಂದರೆ ಹುಳಿಯೂ ಅಲ್ಲ, ಸವಳೂ ಅಲ್ಲ. ಏಳರ ಕೆಳಗೆ ಹುಳಿ, ಮೇಲೆ ಸವಳು. ಸಿರಸಿ, ಸಿದ್ದಾಪುರ, ಯಲ್ಲಾಪುರದ ಮಣ್ಣೆಲ್ಲ ಮಳೆಯಲ್ಲಿ ತೊಳೆದೂ ತೊಳೆದೂ ಐದು, ಐದೂವರೆಗೆ ಇಳಿದದ್ದು. ನನ್ನ ಬೂಷ್ಟಿಗೆ ಅದು ತವರು ಮನೆ. ಐದಕ್ಕಿಂತಲೂ ಕೆಳಗೆ ಹೋದರೆ ಮಾತ್ರ ಬಳ್ಳಿಗೇ ತ್ರಾಸು, ಆಗ ಒಂದಿಷ್ಟು ಸುಣ್ಣ ಹಾಕಬೇಕು. ಸುಣ್ಣ ಹಾಕಿದ ಮೇಲೆ ತಿಂಗಳಾದರೂ ಬಿಟ್ಟು ಬೂಷ್ಟು ಹಾಕಬೇಕು. ಸುಣ್ಣದಲ್ಲೋ ಬೂದಿಯಲ್ಲೋ ಬಿದ್ದರೆ ಅದು ಮೇಲೇಳುವುದಿಲ್ಲ, ಮಣ್ಣು ಮುಖ ತಿರುಗಿಸಿಕೊಂಡ ಹಾಗೆ. ಈ ಒಂದು ಮಾತನ್ನು ನಾನು ಆ ಮೂರು ತಾಲೂಕುಗಳಲ್ಲಿ ಸಾವಿರ ಸಲ ಹೇಳಿರಬೇಕು.

ನನ್ನ ಬಿಡಾರ ಒಂದು ಮಹಡಿಯ ಮೇಲಿನ ಕೋಣೆ. ಕೆಳಗೆ ಮನೆಯೊಡತಿ, ತೋಟದ ಮನೆತನದ ಹೆಂಗಸು, ಮಳೆಗಾಲವಿಡೀ ಹಪ್ಪಳ ಉಪ್ಪಿನಕಾಯಿಗೆ ಬೂಷ್ಟು ಬರದಂತೆ ಬಟ್ಟೆ ಹಿಡಿದು ಒರೆಸುತ್ತಲೇ ಇರುವವರು. ನನ್ನ ಕೆಲಸ ಏನೆಂದು ಕೇಳಿ ತಿಳಿದ ದಿನ ಅವರು ಕೈಯಲ್ಲಿದ್ದ ಭರಣಿಯನ್ನು ಕೆಳಗಿಟ್ಟು, "ಬೂಷ್ಟು ಬೆಳೆಸಲೂ ಸಂಬಳ ಕೊಡ್ತ್ವನೇ?" ಎಂದರು. ಒಳ್ಳೆಯವರೇ. ದಿನಾ ಸಂಜೆ ಮೆಟ್ಟಿಲ ಬುಡದಿಂದ ಊಟ ಆಯಿತೇ ಎಂದು ಕೇಳುತ್ತಿದ್ದರು. ಆಯಿತು ಎನ್ನುತ್ತಿದ್ದೆ. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು. ಉಳಿದಂತೆ ನನ್ನೊಡನೆ ಮಾತಾಡುತ್ತಿದ್ದದ್ದು ಕುಕ್ಕರಿನ ಸೀಟಿ ಮಾತ್ರ. ಭಾನುವಾರ ಬಂತೆಂದರೆ ನನಗೆ ಒಂದೇ ಚಿಂತೆ. ಇಡೀ ದಿನವನ್ನು ಎಲ್ಲಿ ಇಡಲಿ ಎಂದು. ಒಂಟಿತನಕ್ಕೆ ಒಗ್ಗಿಕೊಂಡೆ ಎಂದು ಈಗಿನವರ ಹಾಗೆ ಹೇಳಲಾರೆ. ಒಗ್ಗಲಿಲ್ಲ. ಸಿಡುಕಿಯಾದೆ, ಅಷ್ಟೆ.

ಮಣ್ಣು ಬರುತ್ತಿದ್ದದ್ದು ಬಸ್ಸಿನಲ್ಲಿ. ಆ ಸೀಮೆಯಲ್ಲಿ ಬಸ್ಸಿನ ಕಂಡಕ್ಟರ್ ಎಂದರೆ ಅರ್ಧ ಪೋಸ್ಟ್‌ಮನ್ನು. ಔಷಧಿ, ಕನ್ನಡಕ, ಮದುವೆ ಕಾಗದ, ಮಜ್ಜಿಗೆ ಹುಳಿಗೆ ಬೇಕಾದ ಸೌತೆಕಾಯಿ, ಎಲ್ಲವನ್ನೂ ಅವನ ಕೈಗೆ ಕೊಟ್ಟು ಇಂಥವರಿಗೆ ಎಂದರೆ ಮುಟ್ಟುತ್ತಿತ್ತು. ನನಗೆ ಮುಟ್ಟುತ್ತಿದ್ದದ್ದು ಮಣ್ಣು. ಹಳೇ ಪತ್ರಿಕೆಯಲ್ಲಿ ಕಟ್ಟಿದ್ದು, ಸಕ್ಕರೆಯ ಚೀಲದಲ್ಲಿ ತುಂಬಿದ್ದು, ಒಬ್ಬರಂತೂ ಮಗುವಿನ ಕಾಲುಚೀಲದಲ್ಲಿ ತುಂಬಿ ಗಂಟು ಹಾಕಿ ಕಳಿಸಿದ್ದರು. ನಾನು ಅದನ್ನು ಒಣಗಿಸಿ, ಜರಡಿ ಹಿಡಿದು, ನೀರಲ್ಲಿ ಕಲಕಿ, ಯಂತ್ರದ ಗಾಜಿನ ಕಡ್ಡಿ ಅದ್ದಿ, ಮುಳ್ಳು ನಿಂತ ಅಂಕಿಯನ್ನು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದೆ. ಐದು. ಐದೂಕಾಲು. ನಾಲ್ಕು ಮುಕ್ಕಾಲು. ವರ್ಷವಿಡೀ ಅದೇ ಹಾಡು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಹೆಗ್ಗರಣೆ ಕಡೆಯ ಬಸ್ಸಿನಿಂದ ಒಂದು ಪೊಟ್ಟಣ ಬಂತು. ಅಡಿಕೆ ಹಾಳೆಯಲ್ಲಿ ಮಡಿಸಿ, ಬಾಳೆಪಟ್ಟೆಯಿಂದ ಕಟ್ಟಿದ್ದು, ಗಂಟು ಎಷ್ಟು ಅಚ್ಚುಕಟ್ಟೆಂದರೆ ಬಿಚ್ಚಲು ಮನಸ್ಸಾಗಲಿಲ್ಲ. ಒಳಗೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ ಬರೆದಿದ್ದರು: ಬಚ್ಚಲ ಹಿಂದಿನ ಎಂಟು ಕಾಳುಮೆಣಸಿನ ಬಳ್ಳಿಗಳ ಬುಡದ ಮಣ್ಣು, ಎರಡು ಬಳ್ಳಿ ಹೋಗಿವೆ, ಆರು ಹಳದಿಗೆ ತಿರುಗುತ್ತಿವೆ, ನಿಮ್ಮ ಔಷಧಿ ಎರಡು ಸಲ ಹಾಕಿದೆ, ಪ್ರಯೋಜನವಾಗಲಿಲ್ಲ. ಕೊನೆಯಲ್ಲಿ ಒಂದು ಸಾಲು: ಈ ಮಣ್ಣನ್ನು ಒದ್ದೆ ಮಾಡಿ ಅರಿಶಿನದ ಬಟ್ಟೆಯ ಮೇಲಿಟ್ಟರೆ ಬಟ್ಟೆ ಆರತಿ ನೀರಿನಂತೆ ಕೆಂಪಾಗುತ್ತದೆ, ಕಾರಣ ತಿಳಿಸಬೇಕು.

ಆರತಿಗೆ ನಾವು ಅರಿಶಿನದ ನೀರಿಗೆ ಸುಣ್ಣ ಕದಡುತ್ತೇವೆ, ಅದು ಕೆಂಪಾಗುತ್ತದೆ. ಅಂದರೆ ಈ ಮಣ್ಣಿನಲ್ಲಿ ಸುಣ್ಣದ ಗುಣ ಇದೆ ಎಂದು ಈ ಮನುಷ್ಯ ಯಂತ್ರವಿಲ್ಲದೆ ಕಂಡುಹಿಡಿದಿದ್ದ. ನಾನು ಕಡ್ಡಿ ಅದ್ದಿದೆ. ಮುಳ್ಳು ಏಳನ್ನು ದಾಟಿ ಎಂಟೂವರೆಯ ಹತ್ತಿರ ಹೋಗಿ ನಿಂತಿತು. ಯಂತ್ರಕ್ಕೆ ಬೈದೆ. ತೊಳೆದು, ಸರಿಮಾಡಿ, ಮತ್ತೆ ಅದ್ದಿದೆ. ಮತ್ತೆ ಅದೇ.

ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಎಂಟೂವರೆ ನಮ್ಮೂರ ಹೊಲದ ಅಂಕಿ. ಆ ಎರಡು ವರ್ಷದಲ್ಲಿ ಆ ಮೇಜಿನ ಮೇಲೆ ನಮ್ಮೂರಿನ ಅಂಕಿ ತೋರಿಸಿದ ಮೊದಲ ಮಣ್ಣು ಅದು. ಮುಟ್ಟಿದರೆ ಎರೆಮಣ್ಣಲ್ಲ, ಇಲ್ಲಿಯದೇ ಕೆಂಪು ಜಂಬುಮಣ್ಣು, ಬೆರಳಿಗೆ ಬೂದುಬಣ್ಣ ಹತ್ತುತ್ತಿತ್ತು, ನಡುವೆ ಕಾಳಿನಷ್ಟು ದೊಡ್ಡ ಇದ್ದಿಲ ಚೂರುಗಳು. ಆದರೂ ಆ ದಿನ ಆ ಪೊಟ್ಟಣವನ್ನು ಎಸೆಯದೆ ಕಿಟಕಿಯ ಹತ್ತಿರ ಇಟ್ಟುಕೊಂಡೆ. ಬುಡಕ್ಕೆ ಏನು ಹಾಕುತ್ತಿದ್ದೀರಿ, ಯಾರು ಹಾಕುತ್ತಾರೆ, ಎಷ್ಟು ಕಾಲದಿಂದ ಎಂದು ಕೇಳಿ ಕಾರ್ಡು ಬರೆದೆ.

ಉತ್ತರ ನಾಲ್ಕು ಪುಟದ ಕಾಗದವಾಗಿ ಬಂತು. ಬರೆದವರ ಅಕ್ಕ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಈಗ ಎಪ್ಪತ್ತು ದಾಟಿದೆ. ಕಿವಿ ಕೇಳುವುದಿಲ್ಲ, ಕಣ್ಣಿಗೆ ಪೊರೆ ಬಂದಿದೆ. ಮನೆಯ ಒಂದೊಂದೇ ಕೆಲಸ ಅವರ ಕೈಬಿಟ್ಟಿತು. ಮೊದಲು ಹಾಲು ಕರೆಯುವುದು, ಆಮೇಲೆ ಅಡುಗೆ, ಆಮೇಲೆ ಹೂಬತ್ತಿ ಹೊಸೆಯುವುದು. ಉಳಿದದ್ದು ಬಚ್ಚಲ ಒಲೆ. ಬೆಳಗಿನ ಜಾವ ಎದ್ದು ನಿನ್ನೆಯ ಬೂದಿ ತೆಗೆದು ಕುಕ್ಕೆಗೆ ತುಂಬಿ, ಗೋಡೆ ಹಿಡಿದುಕೊಂಡು ಹಿಂದಕ್ಕೆ ಹೋಗಿ, ಒಂದೊಂದು ಬಳ್ಳಿಯ ಬುಡಕ್ಕೂ ಹಾಕಿ ಬಂದು, ಮತ್ತೆ ಬೆಂಕಿ ಮಾಡಿ ಎಲ್ಲರಿಗೂ ಬಿಸಿನೀರು ಕಾಯಿಸುತ್ತಾರೆ. ಮೂವತ್ತು ವರ್ಷದಿಂದ ಒಂದು ದಿನ ತಪ್ಪಿಲ್ಲ. ಬೂದಿ ಬೇರಿಗೆ ಒಳ್ಳೆಯದು ಎಂದು ಅವರ ಅಪ್ಪ ಹೇಳಿಕೊಟ್ಟಿದ್ದರಂತೆ.

ಕೊನೆಯ ಪುಟದಲ್ಲಿ ಅವರು ಕೇಳಿದ್ದು ಇಷ್ಟು. ಆ ಎಂಟು ಬಳ್ಳಿಗಳ ಹತ್ತಿರದಿಂದಲೇ ನೀರು ಕೆಳಗಿನ ತೋಟಕ್ಕೆ ಇಳಿಯುತ್ತದೆ. ಅಲ್ಲಿ ರೋಗ ನಿಲ್ಲದಿದ್ದರೆ ಕೆಳಗಿನ ಬಳ್ಳಿಗಳೆಲ್ಲ ಹೋಗುತ್ತವೆ. ಬೂದಿಯದೇ ತಪ್ಪೆಂದು ಅವರಿಗೂ ಸಂಶಯ ಬಂದಿದೆ. ಆದರೆ ಅಕ್ಕನಿಗೆ ಇದೊಂದೇ ಕೆಲಸ. ಅದನ್ನು ತಪ್ಪಿಸದೆ ಬಳ್ಳಿ ಉಳಿಸುವ ಉಪಾಯ ಯಾವುದಾದರೂ ಇದ್ದರೆ ದಯವಿಟ್ಟು ಬರೆಯಬೇಕು.

ಉಪಾಯ ಇತ್ತು. ಬಹಳ ಸುಲಭದ್ದು. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿದರೆ ತೆಂಗು ಖುಷಿಯಿಂದ ತಿನ್ನುತ್ತದೆ. ಅಷ್ಟು ಬೂದಿಯನ್ನು ಮೂವತ್ತು ವರ್ಷ ಎಂಟೇ ಬುಡಕ್ಕೆ ಸುರಿದದ್ದು ತಪ್ಪೇ ಹೊರತು ಬೂದಿ ತಪ್ಪಲ್ಲ. ಇದು ನನಗೆ ಗೊತ್ತಿತ್ತು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ಆ ಕಾಗದ ಬಂದ ದಿನವೇ ವಜ್ರಳ್ಳಿಯಿಂದ ಒಬ್ಬ ಬೆಳೆಗಾರರು ಬಂದು ನನ್ನ ಮೇಜು ಕುಟ್ಟಿ ಬಾಯಿಗೆ ಬಂದಂತೆ ಅಂದಿದ್ದರು. ಎರಡು ಕೆಲಸಕ್ಕೆ ಎರಡು ಸಲ ಆಳು ಯಾಕೆ ಎಂದು ಸುಣ್ಣ ಮತ್ತು ನನ್ನ ಬೂಷ್ಟು ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕದಡಿ ಹೊಯ್ದಿದ್ದರು. ಬಳ್ಳಿ ಸತ್ತಿತು. ಸಂಘದ ಔಷಧಿ ಮೋಸ, ಬೂಷ್ಟು ಬಂದ ಜೋಳವನ್ನು ಚೀಲಕ್ಕೆ ತುಂಬಿ ಮಾರುತ್ತಾರೆ, ಬಯಲುಸೀಮೆಯಿಂದ ಬಂದವಳಿಗೆ ಮೆಣಸಿನ ಬಳ್ಳಿ ಯಾವುದು ವೀಳ್ಯದ ಬಳ್ಳಿ ಯಾವುದು ಗೊತ್ತಾ ಎಂದೆಲ್ಲ. ನನ್ನ ಪರವಾಗಿ ಒಂದು ಮಾತಾಡುವವರು ಆ ಗೋದಾಮಿನಲ್ಲಿ ಯಾರೂ ಇರಲಿಲ್ಲ. ಅವರು ಹೋದರು, ಸಿಟ್ಟು ಉಳಿಯಿತು. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಒಂದು ಕಾರ್ಡು ತೆಗೆದು ಹೆಗ್ಗರಣೆಗೆ ಬರೆದೆ:

"ನಿಮ್ಮ ತೋಟಕ್ಕೆ ಬೂದಿ ವಿಷ. ಕೂಡಲೇ ನಿಲ್ಲಿಸಿ. ಬೇರೆ ಉಪಾಯ ಇಲ್ಲ. ಬುಡದ ಮೇಲ್ಮಣ್ಣು ತೆಗೆದು ಸೊಪ್ಪು, ಕೊಟ್ಟಿಗೆ ಗೊಬ್ಬರ ಹಾಕಿ. ಮಣ್ಣಿನ ಅಂಕಿ ಆರಕ್ಕೆ ಇಳಿದ ಮೇಲೆ ನಮ್ಮ ಔಷಧಿ ಹಾಕಿ."

ಕಾರ್ಡಿನಲ್ಲಿ ಇನ್ನೂ ಎರಡು ಬೆರಳು ಜಾಗ ಉಳಿದಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಅವರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಪೊಟ್ಟಣ ಬರತೊಡಗಿತು. ಕಾಗದ ಇರುತ್ತಿರಲಿಲ್ಲ. ಕ್ಯಾಲೆಂಡರಿನ ತುಂಡಿನ ಮೇಲೆ 'ಬಚ್ಚಲ ಹಿಂದಿನ ಮಣ್ಣು' ಎಂದಷ್ಟೇ. ಹಾಳೆ ಅದೇ, ಗಂಟು ಅದೇ. ನನಗೆ ಆ ಪೊಟ್ಟಣ ಹಬ್ಬದ ಹಾಗೆ. ಬೇರೆ ಯಾರೂ ನನಗೆ ಏನೂ ಕಳಿಸುತ್ತಿರಲಿಲ್ಲ. ತಮ್ಮನ ಕಾಗದ ದೀಪಾವಳಿಗೊಂದು ಬಂದರೆ ಹೆಚ್ಚು. ಹೆಗ್ಗರಣೆ ಬಸ್ಸಿನ ಹೊತ್ತಿಗೆ ಏನಾದರೂ ನೆವ ಮಾಡಿಕೊಂಡು ಗೋದಾಮಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕಂಡಕ್ಟರ್ ಖಾಲಿ ಕೈ ಅಲ್ಲಾಡಿಸಿದರೆ ಆ ದಿನ ಜೋಳವೂ ಸರಿಯಾಗಿ ಬೇಯುತ್ತಿರಲಿಲ್ಲ.

ಮಣ್ಣನ್ನು ಓದಲು ಕಲಿತೆ. ಮೊದಲ ಮಳೆಗಾಲ ಕಳೆದಾಗ ಮುಳ್ಳು ಏಳು ಮುಕ್ಕಾಲಿಗೆ ಬಂದಿತ್ತು. ಬೂದುಬಣ್ಣ ತೆಳುವಾಗಿತ್ತು, ಕೊಳೆತ ಸೊಪ್ಪಿನ ಪರಿಮಳ ಬಂದಿತ್ತು. ಬೇಸಿಗೆಯಲ್ಲಿ ಏಳು. ನಮ್ಮೂರ ಅಂಕಿ ಕೈತಪ್ಪಿ ಹೋಗುತ್ತಿದೆಯಲ್ಲ ಎಂದು ಒಳಗೊಂದು ಸಣ್ಣ ಬೇಸರ, ನನ್ನ ಮಾತು ನಡೆಯಿತಲ್ಲ ಎಂದು ದೊಡ್ಡ ಜಂಬ. ಆ ಮನೆಯಲ್ಲಿ ಒಬ್ಬ ಮುದುಕಿ ಈಗ ಬೆಳಗಿನ ಜಾವ ಏನು ಮಾಡುತ್ತಿರಬಹುದು ಎಂದು ಒಂದು ಸಲವಾದರೂ ಯೋಚಿಸಿದೆನೆ? ಇಲ್ಲ. ಎಂಟು ಬಳ್ಳಿಗಳು ಕಣ್ಣಿಗೆ ಕಟ್ಟಿದ್ದವು, ಅಕ್ಕ ಕಟ್ಟಿರಲಿಲ್ಲ.

ಎರಡನೆಯ ಮಳೆಗಾಲ ಮುಗಿದ ಮೇಲೆ ಬಂದ ಪೊಟ್ಟಣದಲ್ಲಿ ಮುಳ್ಳು ಆರರ ಮೇಲೆ ನಿಂತಿತು. ಒಂದೇ ಒಂದು ಇದ್ದಿಲ ಚೂರಿಲ್ಲ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಖುಷಿ ಹೇಳಿಕೊಳ್ಳಲು ಕುಕ್ಕರಿನ ಹೊರತು ಯಾರೂ ಇರಲಿಲ್ಲ, ಆದ್ದರಿಂದ ಕಾರ್ಡು ಬರೆದೆ. ಅಭಿನಂದನೆಗಳು, ಬೂದಿ ಪೂರ್ತಿ ನಿಂತಿದೆ ಎಂದು ಮಣ್ಣೇ ಹೇಳುತ್ತಿದೆ, ನೀವು ಪಥ್ಯ ಮಾಡಿದ್ದು ಸಾರ್ಥಕವಾಯಿತು, ಈಗ ನಮ್ಮ ಬೂಷ್ಟು ನಿಮ್ಮಲ್ಲಿ ಖಂಡಿತ ಊರುತ್ತದೆ ಎಂದು. ಕಾರ್ಡು ಸಾಲದೆ ಅಂಚಿನಲ್ಲೂ ಅಡ್ಡಡ್ಡ ಬರೆದೆ.

ಉತ್ತರ ಬರಲಿಲ್ಲ. ತಿಂಗಳಾಯಿತು, ಎರಡಾಯಿತು. ನನಗೆ ಸಿಟ್ಟು. ಕೆಲಸ ಆದಮೇಲೆ ಯಾರಿಗೆ ಯಾರು ಎಂದುಕೊಂಡೆ. ಅವರಿಗೆ ಕೊಡಬೇಕೆಂದು ತೆಗೆದಿಟ್ಟ ಎರಡು ಚೀಲ ಬೂಷ್ಟು ಹಸಿರಾಗಿ, ಒಣಗುವ ಹಂತಕ್ಕೆ ಬಂತು. ಹಳತಾದರೆ ಅದರ ಶಕ್ತಿ ಹೋಗುತ್ತದೆ. ಒಂದು ಬುಧವಾರ ರಜೆ ಹಾಕಿ, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹೆಗ್ಗರಣೆ ಬಸ್ಸು ಹತ್ತಿದೆ. ಬಸ್ಸೆಲ್ಲ ಹಸಿ ಕೊಬ್ಬರಿಯ ವಾಸನೆ. ಪಕ್ಕದ ಹೆಂಗಸು ದೇವಸ್ಥಾನಕ್ಕಾ ಎಂದು ಕೇಳಿದಳು.

ಬಸ್ಸು ಇಳಿದು ಒಂದು ಮೈಲಿ ನಡೆದೆ. ಮಣ್ಣು ಕಳಿಸುತ್ತಿದ್ದವರೇ ಅಂಗಳದಲ್ಲಿ ಮೆಣಸು ಹರವುತ್ತಿದ್ದರು, ಅರವತ್ತು ದಾಟಿದ ಸಣಕಲು ಮನುಷ್ಯ. ನಾನು ಯಾರೆಂದು ಹೇಳಿದಾಗ ಕೈಯ ಮೆಣಸು ಅಲ್ಲೇ ಸುರಿದು ಎದ್ದರು. ಆಮೇಲೆ ಕಾಲಿಗೆ ನೀರು, ಬೆಲ್ಲ, ಮಜ್ಜಿಗೆ ಎಲ್ಲ ಆಯಿತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಯಜಮಾನರು ನನ್ನೊಡನೆ ಪುಸ್ತಕದ ಕನ್ನಡವನ್ನೇ ಆಡಲು ನೋಡುತ್ತಿದ್ದರು, ನಡುನಡುವೆ ಮನೆಮಾತು ಜಾರಿ ಬರುತ್ತಿತ್ತು. ಬಳ್ಳಿ ನೋಡಿ ಬನ್ನಿ ಎಂದು ಬಚ್ಚಲ ಹಿಂದೆ ಕರೆದುಕೊಂಡು ಹೋದರು.

ಹಾಲವಾಣದ ಮರಗಳಿಗೆ ಹಬ್ಬಿದ ಬಳ್ಳಿಗಳು. ಆರೂ ಉಳಿದಿದ್ದವು, ಆರಕ್ಕೂ ಹೊಸ ಚಿಗುರು. ನಾನು ಮಂಡಿಯೂರಿ ಬುಡ ಕೆದಕಿದೆ. ಬಿಳಿ ಬೇರು. ಬಾಯಿ ಕಿವಿಯವರೆಗೂ ಹೋಗಿರಬೇಕು ನನ್ನದು. ತಿರುಗಿ, ಅಕ್ಕನವರೆಲ್ಲಿ, ಅವರಿಗೂ ತೋರಿಸೋಣ ಎಂದೆ.

"ಅಕ್ಕ ಹೋತು," ಅಂದರು. "ನಿಂಗಳ ಕಾರ್ಡು ಬಪ್ಪಲೆ ಹದಿನೈದು ದಿನ ಮುಂಚೆ."

ನಾನು ಬರೆದ ಅಭಿನಂದನೆಯ ಕಾರ್ಡು. ಕೊನೆಯ ಪೊಟ್ಟಣದಲ್ಲಿ ಇದ್ದಿಲಿಲ್ಲದ್ದಕ್ಕೆ ನಾನು ಕುಣಿದ ಕಾರ್ಡು. ಮಣ್ಣಿನ ಕೈ ಮಣ್ಣಿನಲ್ಲೇ ಉಳಿಯಿತು.

ಅವರು ನಿಂತಲ್ಲೇ ನಿಧಾನವಾಗಿ ಹೇಳಿದರು. ನನ್ನ ಮೊದಲ ಕಾರ್ಡು ಬಂದ ದಿನ ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದರಂತೆ, ಬೂದಿ ಹಾಕಬೇಡ, ಬಳ್ಳಿಗೆ ವಿಷವಂತೆ ಎಂದು. ಎರಡು ಸಲ ಕೂಗಬೇಕಾಯಿತು. ಮೂವತ್ತು ವರ್ಷ ವಿಷ ಹಾಕಿದೆನೇ ಎಂದು ಅಕ್ಕ ಒಂದೇ ಸಲ ಕೇಳಿದರಂತೆ. ಮಾರನೆಯ ದಿನವೂ ಅದೇ ಹೊತ್ತಿಗೆ ಎದ್ದು ಬೂದಿ ತೆಗೆದು ಕುಕ್ಕೆಗೆ ತುಂಬಿದರು. ತುಂಬಿ, ಪಕ್ಕದಲ್ಲಿಟ್ಟುಕೊಂಡು, ಎರಡೂ ಕೈ ಮಡಿಲಲ್ಲಿಟ್ಟು ಬಚ್ಚಲ ಹೊಸ್ತಿಲ ಮೇಲೆ ಕೂತರು. ಬೆಳಕು ಹರಿದ ಮೇಲೂ ಕೂತೇ ಇದ್ದರು. ದಿನಾ ಹಾಗೆ.

ಆಮೇಲೆ ಬಚ್ಚಲೊಳಗೆ ಕರೆದರು, ಮೂಲೆಯಲ್ಲಿ ಗೋಣಿಚೀಲಗಳಿದ್ದವು. ನಾನು ಭತ್ತವೋ ಹೊಟ್ಟೋ ಎಂದುಕೊಂಡಿದ್ದೆ. ಅವರು ಒಂದರ ಬಾಯಿ ಬಿಚ್ಚಿದರು. ಜರಡಿ ಹಿಡಿದ ಬೂದಿ, ಹಿಟ್ಟಿನಷ್ಟು ನುಣ್ಣಗೆ. ಅಕ್ಕ ಒಂದೂವರೆ ವರ್ಷ ದಿನದ ಬೂದಿಯನ್ನು ಎಸೆಯದೆ ಅದರಲ್ಲಿ ತುಂಬಿಟ್ಟಿದ್ದರು, ಮುಂದೆ ಯಾವಾಗಲಾದರೂ ಹಾಕು ಎಂದಾರು ಎಂದು. ಒಂಬತ್ತು ಚೀಲ.

"ವಿಷ ಹೇಳಿ ಕಾರ್ಡಲ್ಲಿ ಬರದಿದ್ದಿ," ಎಂದರು. ಅದರಲ್ಲಿ ದೂರಿರಲಿಲ್ಲ. "ವಿಷ ಅಂದ್ಮೇಲೆ ಬೇರೆ ಕಡೆ ಹಾಕಲೂ ಹೆದರಿಕೆ ಆತು. ಪಾತ್ರೆ ತಿಕ್ಕಲೂ ಮುಟ್ಟಿದ್ವಿಲ್ಲೆ." ಆಮೇಲೆ ಆ ಚೀಲಗಳನ್ನು ನೋಡುತ್ತ, ಇದನ್ನು ಈಗ ಏನು ಮಾಡಬೇಕು ಎಂದು ಕೇಳಿದರು. ನೀವೇ ಬಂದಿದ್ದೀರಿ, ನೀವೇ ಹೇಳಿ ಎಂದರು.

ಬಚ್ಚಲ ಬಾಗಿಲಿನ ಎದುರಿಗೇ ಮೂರು ತೆಂಗಿನ ಮರಗಳಿದ್ದವು. ಬರುವಾಗ ನಾನು ಅವುಗಳ ನೆರಳಲ್ಲೇ ಹಾದು ಬಂದಿದ್ದೆ. ತೆಂಗಿನ ಬುಡಕ್ಕೆ ಹಾಕಿ ಎಂದೆ. ದೂರ ದೂರ ಹರವಿ ಹಾಕಿದರೆ ಬಹಳ ಒಳ್ಳೆಯದು ಎಂದೆ.

ಅವರು ಮರಗಳನ್ನು ನೋಡಿದರು, ನನ್ನನ್ನು ನೋಡಿದರು.

"ಆಗ್ಲೂ ಹಾಕ್ಲಾಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಆಮೇಲೆ ಕಂಡುಹಿಡಿದದ್ದು, ಹೊಸ ಸಂಶೋಧನೆ, ಏನಾದರೂ ಒಂದು. ಅವರು ನಂಬುತ್ತಿದ್ದರು, ನಾನು ಬರೆದದ್ದನ್ನೆಲ್ಲ ನಂಬಿದವರು.

"ಹಾಕಬಹುದಾಗಿತ್ರಿ," ಎಂದೆ. "ನಾ ಬರೀಲಿಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ವಜ್ರಳ್ಳಿಯವರಂತೆ ಮೇಜು ಕುಟ್ಟಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವರು ಗೋಡೆಯ ಗೂಟದಿಂದ ಒಂದು ಕುಕ್ಕೆ ತೆಗೆದು ಬೂದಿ ತುಂಬಿದರು. ಕುಕ್ಕೆಯ ಹಿಡಿ ಸವೆದು ಹೊಳೆಯುತ್ತಿತ್ತು. ನಾನು ಕೈ ಚಾಚಿದೆ, ಕೊಟ್ಟರು. ಬಚ್ಚಲ ಹೊಸ್ತಿಲು ದಾಟಿ ತೆಂಗಿನ ಬುಡಕ್ಕೆ ಹೋಗಿ ಹರವಿ ಬಂದೆ. ಮತ್ತೊಂದು ಕುಕ್ಕೆ. ಮತ್ತೊಂದು. ಹೀಗೆ ಒಂದು ಚೀಲ ಖಾಲಿಯಾಯಿತು. ಕೊನೆಯ ಕುಕ್ಕೆ ಹೊತ್ತು ಹೋಗುವಾಗ ಅವರು ನನ್ನ ಹೆಜ್ಜೆಗಳನ್ನೇ ನೋಡುತ್ತಿದ್ದರು.

"ಅಕ್ಕಂಗೆ ಇದು ಇನ್ನೂ ಹತ್ರ ಆಗ್ತಿತ್ತು," ಎಂದರು.

ಬೂಷ್ಟಿನ ಚೀಲಗಳನ್ನು ಅವರ ಜಗುಲಿಯಲ್ಲಿಟ್ಟು ಸಂಜೆಯ ಬಸ್ಸಿಗೆ ಸಿರಸಿಗೆ ಬಂದೆ. ಮನೆಯೊಡತಿ ಮೆಟ್ಟಿಲ ಬುಡದಿಂದ ಊಟ ಆಯಿತೇ ಎಂದರು. ಆಯಿತು ಎಂದೆ. ಕೂದಲಲ್ಲೆಲ್ಲ ಬೂದಿ ಇತ್ತು.

ಆಮೇಲೆ ಹೆಗ್ಗರಣೆಯಿಂದ ಮಣ್ಣು ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ, ಬಳ್ಳಿಗಳು ಬದುಕಿದ್ದವು. ಆದರೂ ವರ್ಷಗಟ್ಟಲೆ ಆ ಬಸ್ಸಿನ ಹೊತ್ತಿಗೆ ನಾನು ಬಾಗಿಲಿಗೆ ಹೋಗಿ ನಿಂತು ಬರುತ್ತಿದ್ದೆ. ಕಂಡಕ್ಟರುಗಳು ಬದಲಾದರು. ಯಾರಿಗೆ ಕಾರ್ಡು ಬರೆದರೂ ಕೊನೆಗೆ ಒಂದು ಸಾಲು ಸೇರಿಸುವ ಚಾಳಿ ಬಿತ್ತು, ಬೂದಿಯನ್ನು ತೆಂಗಿಗೆ ಹಾಕಬಹುದು ಎಂದು. ತ್ಯಾಗಲಿಯ ಒಬ್ಬರು ಕೇಳಿದ್ದೇ ಶುಂಠಿಯ ಕೊಳೆ ರೋಗದ ಬಗ್ಗೆ, ಅವರ ಮನೆಯಲ್ಲಿ ತೆಂಗಿನ ಮರವೇ ಇರಲಿಲ್ಲ; ಯಾವ ಬೂದಿ, ಯಾವ ತೆಂಗು ಎಂದು ವಾಪಸ್ಸು ಬರೆದಿದ್ದರು.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗುವ ಹೊತ್ತಿಗೆ ಟ್ರೈಕೋಡರ್ಮಾ ಪುಡಿಯಾಗಿ, ಚಂದದ ಪ್ಯಾಕೆಟ್ಟಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗತೊಡಗಿತು. ಜೋಳ ಬೇಯಿಸುವವಳು ಬೇಡವಾದಳು. ಒಂದು ದಿನ ಮೇಲಿನವರು ಬಂದರು, ಕುಕ್ಕರನ್ನು ತಟ್ಟಿ ನೋಡಲಿಲ್ಲ, ನನಗೆ ಹಾರ ಹಾಕಿದರು. ನಾನು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದೆ.

ತಮ್ಮನ ಹೆಂಡತಿ ಬಂಗಾರದಂಥವಳು. ಅವಳ ಮೇಲೆ ಒಂದು ಮಾತು ಹೇಳಿದರೆ ನನ್ನ ಬಾಯಿಯಲ್ಲಿ ಹುಳ ಬೀಳಲಿ. ಬಂದ ಹೊಸತರಲ್ಲಿ ಬೆಳಗ್ಗೆ ಎದ್ದು ಕಸಬರಿಗೆ ಹಿಡಿದರೆ ಓಡಿ ಬಂದು ಕೈಯಿಂದ ತೆಗೆದುಕೊಂಡಳು. ಜೋಳದ ಹಿಟ್ಟಿಗೆ ಕೈ ಹಾಕಿದರೆ ಪರಾತವನ್ನೇ ತನ್ನ ಕಡೆಗೆ ಎಳೆದುಕೊಂಡಳು. ಇಷ್ಟು ವರ್ಷ ಒಬ್ಬಳೇ ದುಡಿದು ಸಾಕಾಗಿದೆ, ಇನ್ನು ಆರಾಮ ಇರಬೇಕು ಎನ್ನುವುದು ಅವಳ ಆಸೆ. ಒಂದು ದಿನ ನಾನು ಬಾಯಿ ಬಿಟ್ಟೇ ಕೇಳಿದೆ, ಏನಾ ಒಂದು ಕೆಲಸ ನನಗಂತ ಬಿಡವ್ವಾ, ಸಣ್ಣದಾದರೂ ಅಡ್ಡಿಯಿಲ್ಲ ಎಂದು. ಅವಳಿಗೆ ನಗು ಬಂತು. ಪ್ರೀತಿಯಿಂದಲೇ ನನ್ನ ಎರಡೂ ಹೆಗಲು ಹಿಡಿದಳು.

"ಅಕ್ಕಾರ, ನೀವು ಸುಮ್ನ ಕುಂಡ್ರಿ," ಎಂದಳು. "ಎಲ್ಲಾ ನಾ ಮಾಡ್ತೇನಿ."

ಹೊರಗೆ ಬಂದೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಹೊಸ್ತಿಲ ಮೇಲೆ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ.